ತಲೆನೋವಿಗೆ ಮಾತ್ರೆ ನುಂಗಿ ನುಂಗಿ ತಲೆನೋವೇ ಬಿಡ್ತಿಲ್ವಾ? ಮೊದಲು ಕ್ಯಾಲೆಂಡರ್‌ನಲ್ಲಿ ದಿನ ಎಣಿಸಿ

ಸಂಜೆ ಏಳು ಗಂಟೆ. ಅಂಗಡಿ ತುಂಬ ಗಿರಾಕಿ. ಹಣೆಗೆ ಯಾರೋ ಟವೆಲ್ ಸುತ್ತಿ ಬಿಗಿಯಾಗಿ ಕಟ್ಟಿದ ಹಾಗಿದೆ, ಕುತ್ತಿಗೆ ಹಿಂಭಾಗ ಕಲ್ಲಿನಂತಾಗಿದೆ. ಪಕ್ಕದ ಮೆಡಿಕಲ್‌ಗೆ ಹುಡುಗನನ್ನು ಕಳಿಸಿ ಒಂದು ಮಾತ್ರೆ ತರಿಸಿ ನುಂಗಿ, ಮೇಲೊಂದು ಸ್ಟ್ರಾಂಗ್ ಟೀ ಕುಡಿದರೆ ಅರ್ಧ ಮುಕ್ಕಾಲು ಗಂಟೆಗೆ ಹಗುರ. ಎರಡು ದಿನ ಬಿಟ್ಟು ಮತ್ತೆ ಅದೇ ನೋವು, ಮತ್ತೆ ಅದೇ ಮಾತ್ರೆ. ನಮ್ಮ ತುಮಕೂರು ಜಿಲ್ಲೆಯ ಪೇಟೆ ಬೀದಿಗಳಲ್ಲಿ ಇದು ಎಷ್ಟು ಮಾಮೂಲಾಗಿದೆ ಅಂದರೆ, ಇದನ್ನು ಒಂದು ಕಾಯಿಲೆ ಅಂತ ಹೆಚ್ಚಿನವರು ಲೆಕ್ಕಕ್ಕೇ ಇಟ್ಟಿಲ್ಲ.

ಪೇಟೆಯವರ ತೊಂದರೆ ಮಾತ್ರ ಅಂತಲೂ ಅಲ್ಲ. ನಿಮ್ಹಾನ್ಸ್ ಸಂಶೋಧಕರೂ ಸೇರಿದ್ದ ತಂಡವೊಂದು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮಾತಾಡಿಸಿ 2015ರಲ್ಲಿ ವರದಿ ಪ್ರಕಟಿಸಿತ್ತು. ಒಂದು ವರ್ಷದೊಳಗೆ ತಲೆನೋವು ಬಂದಿತ್ತು ಅಂದವರು 100ಕ್ಕೆ ಸುಮಾರು 64 ಜನ. ನಗರದಲ್ಲಿ 57, ಹಳ್ಳಿಯಲ್ಲಿ 71. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ತಲೆನೋವು ಪಟ್ಟಣದವರ ಟೆನ್ಷನ್ ಕಾಯಿಲೆ, ಹೊಲ ತೋಟದಲ್ಲಿ ದುಡಿಯುವವರಿಗೆ ಬರಲ್ಲ ಅನ್ನೋ ಮಾತು ಇಲ್ಲಿಗೇ ಬಿದ್ದುಹೋಗುತ್ತೆ.

ಇದು ಯಾವ ತಲೆನೋವು?

ಎರಡೂ ಪಕ್ಕ ಹಿಡಿದುಕೊಳ್ಳುವ, ಪಟ್ಟಿ ಬಿಗಿದಂತೆ ಒತ್ತುವ, ಸಾಧಾರಣ ಮಟ್ಟದ ನೋವಿಗೆ ವೈದ್ಯರು ಟೆನ್ಷನ್ ತಲೆನೋವು ಅಂತಾರೆ. ಅರ್ಧ ಗಂಟೆಯಿಂದ ಹಿಡಿದು ಏಳು ದಿನದವರೆಗೂ ಇರಬಹುದು. ಮೆಟ್ಟಿಲು ಹತ್ತಿದರೆ, ಓಡಾಡಿದರೆ ಜಾಸ್ತಿ ಆಗಲ್ಲ. ವಾಂತಿ ಬರಲ್ಲ. ಕೆಲಸ ನಿಲ್ಲಿಸಲ್ಲ, ಆದರೆ ಮುಖ ಮಾತ್ರ ಸಿಂಡರಿಸಿಕೊಂಡೇ ಇರುತ್ತೆ.

ಅರೆತಲೆನೋವು, ಅಂದರೆ ಮೈಗ್ರೇನ್, ಬೇರೆ. ಅದು ಹೆಚ್ಚಾಗಿ ಒಂದು ಪಕ್ಕ ಧಕ್ ಧಕ್ ಅಂತ ಹೊಡೆದುಕೊಳ್ಳುತ್ತೆ, ಬೆಳಕು ಸದ್ದು ಸೇರಲ್ಲ, ಹೊಟ್ಟೆ ತೊಳಸಿ ವಾಂತಿ ಬರುತ್ತೆ, ಕತ್ತಲ ಕೋಣೆಯಲ್ಲಿ ಮಲಗಬೇಕು ಅನಿಸುತ್ತೆ. ನಮ್ಮ ಕಡೆ "ಪಿತ್ತದ ತಲೆನೋವು, ವಾಂತಿ ಆದ ಮೇಲೆ ಸರಿ ಹೋಯ್ತು" ಅಂತ ಹೇಳುವುದರಲ್ಲಿ ಬಹಳಷ್ಟು ಈ ಮೈಗ್ರೇನೇ. ಅದಕ್ಕೆ ಬೇರೆ ಔಷಧಿಗಳಿವೆ, ಡಾಕ್ಟರಿಗೆ ತೋರಿಸಬೇಕು. ಕೆಲವರಿಗೆ ಎರಡೂ ಇರುತ್ತೆ.

ಟೆನ್ಷನ್ ತಲೆನೋವಿನ ಹೆಸರು ಕೇಳಿ "ನನಗೇನೂ ಟೆನ್ಷನ್ ಇಲ್ಲಪ್ಪ" ಅಂತ ತಳ್ಳಿಹಾಕಬೇಡಿ. ಚಿಂತೆ ಒಂದೇ ಅಲ್ಲ, ಹಣೆ, ದವಡೆ, ಕುತ್ತಿಗೆ, ಭುಜದ ಸ್ನಾಯುಗಳು ಗಂಟೆಗಟ್ಟಲೆ ಬಿಗಿದುಕೊಂಡಿರುವುದೂ ಇದರಲ್ಲಿ ಸೇರಿದೆ. ನೋವು ಪದೇ ಪದೇ ಬಂದರೆ ಮೆದುಳಿನ ನೋವಿನ ವ್ಯವಸ್ಥೆಯೇ ಸೂಕ್ಷ್ಮವಾಗಿಬಿಡುತ್ತೆ. ಮೊದಲು ಗೊತ್ತೇ ಆಗದಿದ್ದ ಸಣ್ಣ ಬಿಗಿತವೂ ಆಮೇಲೆ ನೋವಾಗಿ ಕಾಣುತ್ತೆ.

ಮಾತ್ರೆಯೇ ತರುವ ತಲೆನೋವು

ಅಪರೂಪಕ್ಕೊಂದು ಮಾತ್ರೆ ನುಂಗಿದರೆ ತಪ್ಪೇನಿಲ್ಲ, ಅದಕ್ಕೇ ಅದು ಇರೋದು. ತೊಂದರೆ ಶುರುವಾಗುವುದು ದಿನಗಳ ಲೆಕ್ಕ ತಪ್ಪಿದಾಗ. ಮೊದಲೇ ತಲೆನೋವು ಇರುವವರು ಮೂರು ತಿಂಗಳಿಗೂ ಮೀರಿ ಮೇಲಿಂದ ಮೇಲೆ ನೋವಿನ ಮಾತ್ರೆ ತಗೊಂಡರೆ, ಮಾತ್ರೆಯ ಅಮಲು ಇಳಿಯುತ್ತಿದ್ದ ಹಾಗೆ ತಲೆನೋವು ಬರಲು ಶುರುವಾಗಬಹುದು. ಅದನ್ನು ನಿಲ್ಲಿಸಲು ಇನ್ನೊಂದು ಮಾತ್ರೆ. ತಿಂಗಳಲ್ಲಿ 15 ದಿನ, ಕೆಲವರಿಗೆ ದಿನಾ ಬೆಳಿಗ್ಗೆ ಏಳುವಾಗಲೇ ತಲೆನೋವು. ಔಷಧದ ಅತಿಬಳಕೆಯಿಂದ ಬರುವ ತಲೆನೋವು ಅಂತ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯೇಕ ಹೆಸರೇ ಇದೆ.

ಲೆಕ್ಕ ಹೀಗಿದೆ. ಬರೀ ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್ ಥರದ ಒಂಟಿ ಮಾತ್ರೆಗಳಾದರೆ ತಿಂಗಳಿಗೆ 15 ದಿನ ಅಪಾಯದ ಗೆರೆ. ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳಾದರೆ ಗೆರೆ 10 ದಿನಕ್ಕೇ ಬರುತ್ತೆ. ನಮ್ಮ ಅಂಗಡಿಗಳಲ್ಲಿ "ತಲೆನೋವಿನ ಮಾತ್ರೆ" ಅಂತ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಈ ಬೆರಕೆ ಮಾತ್ರೆಯೇ. ಉದಾಹರಣೆಗೆ ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್ 250, ಪ್ರೊಪಿಫೆನಜೋನ್ 150, ಕೆಫೀನ್ 50 ಮಿಲಿಗ್ರಾಂ ಇದೆ. ಕೆಫೀನ್ ಅಂದರೆ ಕಾಫಿ ಟೀಯಲ್ಲಿ ಇರುವುದೇ. ದಿನಾ ಐದಾರು ಟೀ, ಮೇಲೆ ಇಂಥ ಮಾತ್ರೆ. ಒಂದು ದಿನ ಎರಡೂ ತಪ್ಪಿದರೆ ಅದಕ್ಕೇ ತಲೆ ನೋಯುತ್ತೆ. ಭಾನುವಾರ ಅಂಗಡಿ ರಜಾ, ತಡವಾಗಿ ಎದ್ದ ದಿನವೇ ತಲೆನೋವು ಅನ್ನುವವರು ಇದನ್ನು ಗಮನಿಸಿ.

ತಲೆನೋವು ತರುವುದು ಹಾಗಿರಲಿ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿಪಿ, ಶುಗರ್ ಇರುವವರಿಗೆ ಇನ್ನೂ ಅಪಾಯ. ಪ್ಯಾರಾಸಿಟಮಾಲ್ ಅತಿಯಾದರೆ ಲಿವರ್‌ಗೆ ಹೊಡೆತ. ಕುಡಿಯುವ ಅಭ್ಯಾಸ ಇದ್ದವರು ಹುಷಾರಾಗಿರಬೇಕು. ಶೀತ ನೆಗಡಿಯ ಮಾತ್ರೆಗಳಲ್ಲೂ ಅದೇ ಪ್ಯಾರಾಸಿಟಮಾಲ್ ಇರುತ್ತೆ, ಗೊತ್ತಿಲ್ಲದೆ ಡಬಲ್ ಆಗುತ್ತೆ.

ಹಾಗಾಗಿ ಮೊದಲ ಕೆಲಸ ಎಣಿಸುವುದು. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುತ್ತೀರಲ್ಲ, ಅಲ್ಲೇ ತಲೆನೋವು ಬಂದ ದಿನಕ್ಕೊಂದು ಗೀಟು, ಮಾತ್ರೆ ನುಂಗಿದ ದಿನಕ್ಕೊಂದು ಸುನ್ನೆ ಹಾಕಿ. ಎಷ್ಟು ಮಾತ್ರೆ ಅನ್ನುವುದಕ್ಕಿಂತ ಎಷ್ಟು ದಿನ ಅನ್ನುವುದು ಮುಖ್ಯ. ತಿಂಗಳ ಕೊನೆಯಲ್ಲಿ ಸುನ್ನೆ ಎಂಟು ದಾಟಿದ್ದರೆ ಎಚ್ಚರ. ವಾರಕ್ಕೆ ಎರಡು ದಿನ ಮೀರಬಾರದು ಅಂತ ಇಟ್ಟುಕೊಂಡರೆ ಸಾಕು, ನೆನಪಿಡಲು ಸುಲಭ. ಆ ಕ್ಯಾಲೆಂಡರ್ ಹಾಳೆಯನ್ನೇ ಫೋಟೊ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ, ಅರ್ಧ ಕೆಲಸ ಅಲ್ಲೇ ಆಗುತ್ತೆ.

ಕಿರಾಣಿ ಅಂಗಡಿಯವರಿಗೂ ಒಂದು ಮಾತು. ಚಾಕೊಲೇಟ್ ಡಬ್ಬಿ ಪಕ್ಕ ತಲೆನೋವಿನ ಮಾತ್ರೆ ಇಟ್ಟು ಒಂದೊಂದೇ ಕತ್ತರಿಸಿ ಕೊಡುವುದು ರೂಢಿಯಾಗಿದೆ. ಕಾನೂನು ಇದಕ್ಕೆ ಕೊಟ್ಟಿರುವ ವಿನಾಯಿತಿ ಬಹಳ ಚಿಕ್ಕದು. ಔಷಧ ನಿಯಮಗಳ ಶೆಡ್ಯೂಲ್ ಕೆ ಪ್ರಕಾರ, ಜನಸಂಖ್ಯೆ ಸಾವಿರ ಮೀರದ, ಲೈಸೆನ್ಸ್ ಇರುವ ಔಷಧಿ ಅಂಗಡಿ ಇಲ್ಲದ ಹಳ್ಳಿಯಲ್ಲಿ ಮಾತ್ರ ಪ್ಯಾರಾಸಿಟಮಾಲ್, ಆಸ್ಪಿರಿನ್, ನೋವಿನ ಬಾಮ್‌ನಂಥ ಕೆಲವು ಮನೆ ಔಷಧಿಗಳನ್ನು ಲೈಸೆನ್ಸ್ ಇಲ್ಲದೆ ಮಾರಬಹುದು, ಅದೂ ಕಂಪನಿಯ ಒಡೆಯದ ಪ್ಯಾಕ್‌ನಲ್ಲೇ. ತಾಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಅಂಗಡಿಗೆ ಇದು ಅನ್ವಯ ಆಗಲ್ಲ. ದಿನಾ ಮಾತ್ರೆಗೆ ಬರುವ ಗಿರಾಕಿ ಯಾರು ಅಂತ ನಿಮಗೇ ಎಲ್ಲರಿಗಿಂತ ಮೊದಲು ಗೊತ್ತಾಗುತ್ತೆ. "ಅಣ್ಣ, ಈ ವಾರ ಇದು ನಾಲ್ಕನೇದು" ಅಂತ ಒಂದು ಮಾತು ಹೇಳಿ, ಡಾಕ್ಟರ್ ಹತ್ತಿರ ಕಳಿಸಿ.

ಮಾತ್ರೆ ಬದಲು ಏನು?

ಕುತ್ತಿಗೆಯಿಂದಲೇ ಶುರು ಮಾಡಿ. ಮನುಷ್ಯನ ತಲೆ ಸುಮಾರು 5 ಕೆಜಿ ತೂಗುತ್ತೆ. ಐದು ಕೆಜಿ ಅಕ್ಕಿ ಚೀಲವನ್ನು ಮೈಗೆ ಒತ್ತಿ ಹಿಡಿದರೆ ಭಾರ ಗೊತ್ತಾಗಲ್ಲ, ಕೈ ಮುಂದೆ ಚಾಚಿ ಹಿಡಿದರೆ ಎರಡು ನಿಮಿಷಕ್ಕೆ ತೋಳು ಬಿದ್ದುಹೋಗುತ್ತೆ. ತಲೆ ಮುಂದಕ್ಕೆ ಬಗ್ಗಿಸಿ ಮೊಬೈಲ್ ರಿಪೇರಿ ಮಾಡುವವರು, ಹಬ್ಬದ ಸೀಸನ್‌ನಲ್ಲಿ ರಾತ್ರಿ ಹನ್ನೊಂದರ ತನಕ ಮಿಷನ್ ತುಳಿಯುವ ಟೈಲರ್‌ಗಳು, ಕಾಯಿ ಸುಲಿಯುವವರು, ತಿಪಟೂರು ಮಂಡಿಯಲ್ಲಿ ಕೊಬ್ಬರಿ ಚೀಲ ಹೊರುವ ಹಮಾಲರು, ಎಲ್ಲರ ಕುತ್ತಿಗೆಯ ಕಥೆ ಇದೇ. ಗಲ್ಲೆಯಲ್ಲಿ ಕೂತು ಮೊಬೈಲ್ ನೋಡುವವರದ್ದು ಕೂಡ.

ಗಿರಾಕಿ ಇಲ್ಲದ ಹೊತ್ತಲ್ಲಿ ಮಾಡಬಹುದಾದ ವ್ಯಾಯಾಮ ಇದು. ಬೆನ್ನು ನೇರ ಮಾಡಿ ಕೂತು, ಮುಖ ಬಗ್ಗಿಸದೆ, ಗದ್ದವನ್ನು ನೇರ ಹಿಂದಕ್ಕೆ ಎಳೆದುಕೊಂಡು 5 ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ಆಮೇಲೆ ಎರಡೂ ಭುಜವನ್ನು ಕಿವಿ ಹತ್ತಿರಕ್ಕೆ ಎತ್ತಿ ಬಿಗಿ ಹಿಡಿದು, ಉಸಿರು ಬಿಡುತ್ತಾ ಒಮ್ಮೆಲೇ ಇಳಿಬಿಡಿ. ಐದಾರು ಸಲ. ಬಿಗಿತ ಅಂದರೇನು, ಸಡಿಲ ಅಂದರೇನು ಅಂತ ಮೈಗೆ ಗೊತ್ತಾಗುವುದು ಆಗಲೇ. ಹಾಗೆಯೇ ಹಲ್ಲು ಕಚ್ಚಿಕೊಂಡಿದ್ದೀರಾ ನೋಡಿಕೊಳ್ಳಿ. ತುಟಿ ಮುಚ್ಚಿರಲಿ, ಹಲ್ಲು ಹಲ್ಲಿಗೆ ತಾಗದಿರಲಿ. ದಿನಕ್ಕೆ ಮೂರ್ನಾಲ್ಕು ಬಾರಿ ಮಾಡಿದರೆ ಕೆಲವು ವಾರಗಳಲ್ಲಿ ಫರಕು ಕಾಣುತ್ತೆ, ಎರಡು ದಿನಕ್ಕೆ ಕಾಣಲ್ಲ. ನೋವು ಶುರುವಾದಾಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಕುತ್ತಿಗೆ ಹಿಂದೆ ಹತ್ತು ನಿಮಿಷ ಇಟ್ಟುಕೊಳ್ಳಿ. ಬಾಮ್ ಹಚ್ಚಿಕೊಂಡರೂ ಆಯಿತು, ಕಣ್ಣಿಗೆ ತಾಗದಿದ್ದರೆ ಸಾಕು.

ನಲವತ್ತು ದಾಟಿದವರು ಕಣ್ಣು ತೋರಿಸಿ. ಎಕ್ಸ್‌ಪೈರಿ ಡೇಟ್ ಓದಲು ಪ್ಯಾಕೆಟ್ಟನ್ನು ದೂರ ಹಿಡಿಯುತ್ತಿದ್ದರೆ ಚಾಳೀಸು ಬಂದಿದೆ ಅಂತಲೇ ಅರ್ಥ. ಹುಬ್ಬು ಗಂಟಿಕ್ಕಿ ಲೆಕ್ಕ ಬರೆಯುತ್ತಾ ಕೂತರೆ ಸಂಜೆಗೆ ಹಣೆ ನೋಯದೆ ಇನ್ನೇನಾಗುತ್ತೆ.

ಊಟ ನಿದ್ದೆ ಬಗ್ಗೆ ಎಲ್ಲರಿಗೂ ಗೊತ್ತಿರುವುದೇ, ಆದರೂ ಅಂಗಡಿಯವರ ವಿಷಯದಲ್ಲಿ ಒಂದು ಹೇಳಬೇಕು. ಮಧ್ಯಾಹ್ನ ವ್ಯಾಪಾರ ಇದೆ ಅಂತ ಊಟವನ್ನು ನಾಲ್ಕು ಗಂಟೆಗೆ ತಳ್ಳಿ, ನಡುವೆ ಟೀ ಮೇಲೆ ಟೀ ಕುಡಿಯುವುದು ತಲೆನೋವಿಗೆ ಆಹ್ವಾನ ಕೊಟ್ಟಂತೆ. ನೀರಿನ ಬಾಟಲಿ ಗಲ್ಲೆ ಪಕ್ಕದಲ್ಲೇ ಇರಲಿ. ಟೀ ಕಡಿಮೆ ಮಾಡುವುದಾದರೆ ಒಮ್ಮೆಲೇ ಬಿಡಬೇಡಿ, ಎರಡು ಮೂರು ದಿನಕ್ಕೊಂದು ಲೋಟ ಕಮ್ಮಿ ಮಾಡುತ್ತಾ ಬನ್ನಿ. ಮಲಗುವ ಏಳುವ ಹೊತ್ತು ರಜಾ ದಿನವೂ ಒಂದೇ ಇರಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಅಂಗಡಿಯೊಳಗೆ ಓಡಾಡಿದ್ದು ಲೆಕ್ಕಕ್ಕಿಲ್ಲ.

ಇನ್ನು ಚಿಂತೆ. ಉದ್ರಿ ಪುಸ್ತಕ, ಚೀಟಿ ದುಡ್ಡು, ತಿಂಗಳ 20ಕ್ಕೆ ಜಿಎಸ್‌ಟಿ ರಿಟರ್ನ್. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟು ಜನರ ನಿದ್ದೆ ಹೋಯಿತು ಅಂತ ನಿಮಗೇ ಗೊತ್ತು. "ಚಿಂತೆ ಮಾಡಬೇಡಿ" ಅಂದರೆ ಚಿಂತೆ ಹೋಗಲ್ಲ. ಆದರೆ ಒಂದು ಮಾಡಬಹುದು: ಲೆಕ್ಕ ನೋಡುವುದಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಹಾಸಿಗೆಗೆ ಲೆಕ್ಕ ಒಯ್ಯಬೇಡಿ. ಮಲಗಿ ಹೊಟ್ಟೆ ಮೇಲೆ ಕೈ ಇಟ್ಟು, ಕೈ ಏರಿಳಿಯುವಂತೆ ಐದು ನಿಮಿಷ ನಿಧಾನ ಉಸಿರಾಡಿ. ನಿದ್ದೆಯೇ ಬರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಳು ಕಳೆದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಮಾತ್ರೆ ಬಿಡುವಾಗ

ಈಗಾಗಲೇ ಗೆರೆ ದಾಟಿರುವವರು ಮಾತ್ರೆ ನಿಲ್ಲಿಸಿದರೆ ಮೊದಲು ತಲೆನೋವು ಜಾಸ್ತಿಯೇ ಆಗುತ್ತೆ. ಸಾಮಾನ್ಯವಾಗಿ 2ರಿಂದ 10 ದಿನ. ಇದು ಗೊತ್ತಿಲ್ಲದೆ ಮೂರನೇ ದಿನಕ್ಕೆ "ನನಗೆ ಮಾತ್ರೆ ಇಲ್ಲದೆ ಆಗಲ್ಲ" ಅಂತ ವಾಪಸ್ ಹೋಗುವವರೇ ಜಾಸ್ತಿ. ಆ ಹತ್ತು ದಿನ ದಾಟಿದರೆ ಮುಂದಿನ ಒಂದೆರಡು ತಿಂಗಳಲ್ಲಿ ಬಹಳ ಜನರಿಗೆ ತಲೆನೋವಿನ ದಿನಗಳೇ ಕಡಿಮೆಯಾಗುತ್ತವೆ. ಹಾಗಾಗಿ ದೀಪಾವಳಿ ವ್ಯಾಪಾರದ ವಾರ, ಮನೆಯಲ್ಲಿ ಮದುವೆ ಇರುವಾಗ ಶುರು ಮಾಡಬೇಡಿ. ಸ್ವಲ್ಪ ಬಿಡುವಿನ ದಿನ ನೋಡಿ, ಮನೆಯವರಿಗೂ ಹೇಳಿ.

ಬರೀ ಪ್ಯಾರಾಸಿಟಮಾಲ್ ಥರದ್ದಾದರೆ ನೇರವಾಗಿ ನಿಲ್ಲಿಸಬಹುದು. ಟ್ರಮಡಾಲ್, ಕೊಡೀನ್ ಇರುವ ಮಾತ್ರೆ ಅಥವಾ ನಿದ್ದೆ ಮಾತ್ರೆ ದಿನಾ ತಗೊಳ್ತಿದ್ದರೆ ಡಾಕ್ಟರನ್ನು ಕೇಳದೆ ಬಿಡಲೇಬಾರದು. ಹೃದಯಕ್ಕೆ ಅಥವಾ ಸ್ಟ್ರೋಕ್ ಆದ ಮೇಲೆ ಬರೆದುಕೊಟ್ಟ ಆಸ್ಪಿರಿನ್ ಬೇರೆ ವಿಷಯ, ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ.

ತಿಂಗಳಲ್ಲಿ 15 ದಿನಕ್ಕೂ ಹೆಚ್ಚು ನೋವು ಇರುವವರಿಗೆ ಡಾಕ್ಟರ್ ರಾತ್ರಿ ಹೊತ್ತು ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್ ಬರೆಯಬಹುದು. ಇದು ನೋವು ಬಂದಾಗ ನುಂಗುವ ಮಾತ್ರೆ ಅಲ್ಲ, ಬಾರದಂತೆ ತಡೆಯುವುದು. ಕೆಲಸ ಮಾಡಲು ಕೆಲವು ವಾರ ಬೇಕು. ಮೆಡಿಕಲ್‌ನವರು "ಇದು ಮಾನಸಿಕದ ಮಾತ್ರೆ" ಅಂದರು ಅಂತ ಗಾಬರಿಯಾಗಿ ಬಿಸಾಡಬೇಡಿ. ಖಿನ್ನತೆಗೆ ಕೊಡುವ ಔಷಧಿಯನ್ನೇ ಕಡಿಮೆ ಪ್ರಮಾಣದಲ್ಲಿ ತಲೆನೋವಿಗೂ ಕೊಡುತ್ತಾರೆ.

ಈ ಲಕ್ಷಣ ಇದ್ದರೆ ಕಾಯಬೇಡಿ

ಎಲ್ಲ ತಲೆನೋವೂ ಟೆನ್ಷನ್ ತಲೆನೋವಲ್ಲ. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ, ಜೀವನದಲ್ಲೇ ಕಾಣದಂಥ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಅಥವಾ ಎರಡೆರಡು ಕಾಣುವುದು, ಫಿಟ್ಸ್, ಗರ್ಭಿಣಿಗೆ ಬಂದ ಜೋರು ತಲೆನೋವು: ಇದರಲ್ಲಿ ಯಾವುದಿದ್ದರೂ ಮಾತ್ರೆ ನುಂಗಿ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ದಿನೇ ದಿನೇ ಏರುತ್ತಾ ಬೆಳಿಗ್ಗೆ ವಾಂತಿ ತರುವ ತಲೆನೋವನ್ನೂ ಬೇಗ ತೋರಿಸಿ. ಬೈಕಿನಿಂದ ಬಿದ್ದೋ, ಬಚ್ಚಲಲ್ಲಿ ಜಾರಿಯೋ ತಲೆಗೆ ಪೆಟ್ಟಾಗಿದ್ದರೆ, ಆಗ ಏನೂ ಆಗದೆ ಎರಡು ಮೂರು ವಾರ ಕಳೆದ ಮೇಲೆ ತಲೆನೋವು ಬಂದರೂ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ ತಲೆಬುರುಡೆ ಒಳಗೆ ರಕ್ತ ನಿಧಾನವಾಗಿ ಸೋರುವುದು ಹೀಗೆಯೇ. ಬಿದ್ದ ದಿನ ಯಾವುದು ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ.