ರಾಡು ಹಿಡಿಯುವ ಕೈಗಳಿಗೆ ಯಂತ್ರದ ಆಸರೆ

ನಡುರಾತ್ರಿ ಎರಡು ಗಂಟೆ. ಚಿಂತಾಮಣಿ ಕಡೆಯದೋ ಶಿರಾ ಕಡೆಯದೋ ಒಂದು ಹೊಲ. ಕಂಪ್ರೆಸರಿನ ಆರ್ಭಟಕ್ಕೆ ಅರ್ಧ ಊರಿಗೆ ನಿದ್ದೆಯಿಲ್ಲ. ಕಲ್ಲಿನ ಬಿಳಿ ಹುಡಿ ಮೋಡದಂತೆ ಎದ್ದು ಪಕ್ಕದ ಟೊಮೆಟೊ ತೋಟದ ಮೇಲೆ ಕೂರುತ್ತಿದೆ. ಹೊಲದ ಯಜಮಾನ ಬದುವಿನ ಮೇಲೆ ಕೂತು ರಾಡುಗಳನ್ನು ಎಣಿಸುತ್ತಿದ್ದಾನೆ. ಒಂದು ರಾಡಿಗೆ ಇಪ್ಪತ್ತು ಅಡಿ, ಇಳಿದದ್ದು ಮೂವತ್ತೆಂಟು. ಅಂದರೆ 760 ಅಡಿ. ಅಡಿಗೆ ಇಷ್ಟು ಎಂದು ಬಾಡಿಗೆ ಮಾತಾಗಿರುವಾಗ ಎಣಿಸದೆ ಇರುವುದುಂಟೆ? ಎಲ್ಲರ ಕಣ್ಣೂ ಆ ಆರೂವರೆ ಅಂಗುಲದ ತೂತಿನ ಮೇಲೆ. ಹುಡಿ ಒದ್ದೆಯಾಯಿತೇ, ನೀರಿನ ಪಸೆ ಕಂಡಿತೇ ಎಂಬುದೊಂದೇ ಚಿಂತೆ.

ಆ ರಾಡುಗಳನ್ನು ಒಂದೊಂದಾಗಿ ಹಿಡಿದು ಕೊಡುತ್ತಿರುವ ಹುಡುಗರನ್ನು ಮಾತ್ರ ಯಾರೂ ನೋಡುತ್ತಿಲ್ಲ. ಮೈಯೆಲ್ಲ ಹುಡಿ ಮೆತ್ತಿ ವಿಭೂತಿ ಬಳಿದವರಂತೆ ಕಾಣುವ ಇವರು ಹೆಚ್ಚಾಗಿ ಛತ್ತೀಸ್‌ಗಢ, ಜಾರ್ಖಂಡ್, ಒಡಿಶಾ, ಬಿಹಾರದ ಹಳ್ಳಿಗಳವರು. ಲಾರಿ ತಮಿಳುನಾಡಿನ ತಿರುಚೆಂಗೋಡಿನದ್ದು. ನಾಮಕ್ಕಲ್ ಜಿಲ್ಲೆಯ ಆ ಪಟ್ಟಣ ಬೋರ್‌ವೆಲ್ ರಿಗ್ಗುಗಳ ತವರು. ದಕ್ಷಿಣ ಭಾರತದ ಯಾವ ಮೂಲೆಯಲ್ಲಿ ಬೋರು ಕೊರೆದರೂ ಆ ಊರಿನ ಹೆಸರು ಬರೆದ ಲಾರಿಯೊಂದು ಕಣ್ಣಿಗೆ ಬೀಳುತ್ತದೆ.

ಗಟ್ಟಿ ಬಂಡೆಯನ್ನು ಗಾಳಿಯ ಬಲದಿಂದ ಕುಟ್ಟಿ ಕೊರೆಯುವ ಈ ವಿದ್ಯೆ ನಮ್ಮ ದೇಶದಲ್ಲಿ ಹರಡಿದ್ದು 1966–67ರ ಬಿಹಾರದ ಬರಗಾಲದ ನಂತರ. ಕುಡಿಯುವ ನೀರಿಗೆ ಹಾಹಾಕಾರ ಎದ್ದಾಗ ಯುನಿಸೆಫ್ ಸಂಸ್ಥೆ 1967ರಲ್ಲಿ ವಿಮಾನದಲ್ಲಿ ರಿಗ್ಗುಗಳನ್ನು ತರಿಸಿಕೊಟ್ಟಿತು. ಅಂದಿನಿಂದ ಇಂದಿನವರೆಗೆ ಕಂಪ್ರೆಸರು ಬಲಿತಿದೆ, ಬಿಟ್ಟು ಬಲಿತಿದೆ, ಆಳವಂತೂ ಹೇಳುವುದೇ ಬೇಡ. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಕೋಲಾರ, ಚಿಕ್ಕಬಳ್ಳಾಪುರದ ರೈತರು ಸಾವಿರ ಅಡಿ ದಾಟಿ ಇಳಿಯಬೇಕಾಗಿ ಬಂದಿದೆ. ಆದರೆ ರಾಡನ್ನು ಎತ್ತಿ, ಹಿಡಿದು, ಜೋಡಿಸುವ ಕೆಲಸ ಬಹುಪಾಲು ಇಂದಿಗೂ ಕೈಯದ್ದೇ.

ತೊಂಬತ್ತು ಕಿಲೋದ ಕೊಳವೆ

ಒಂದು ರಾಡಿನ ಭಾರ ಎಷ್ಟಿರಬಹುದು? ಸುತ್ತಳತೆಯ ವ್ಯಾಸ 114 ಮಿಲಿಮೀಟರ್, ಗೋಡೆಯ ದಪ್ಪ ಐದೂವರೆ ಮಿಲಿಮೀಟರ್, ಉದ್ದ ಇಪ್ಪತ್ತು ಅಡಿ ಎಂದಿಟ್ಟುಕೊಂಡರೆ ಉಕ್ಕಿನ ತೂಕವೇ ಸುಮಾರು 90 ಕಿಲೋ ಆಗುತ್ತದೆ. ಎರಡು ತುದಿಯ ತಿರುಪಿನ ಜೋಡಣೆಗಳ ಭಾರ ಬೇರೆ. ಒಂದು ಮೂಟೆ ಅಕ್ಕಿಯನ್ನಾದರೆ ಹೆಗಲ ಮೇಲೆ ಹೊರಬಹುದು. ಇಪ್ಪತ್ತಡಿ ಉದ್ದದ, ಎಣ್ಣೆ ಮೆತ್ತಿದ, ಹಗ್ಗದ ತುದಿಯಲ್ಲಿ ಓಲಾಡುವ ಕೊಳವೆ ಹಾಗಲ್ಲ. ಅದು ಎತ್ತ ವಾಲುತ್ತದೆ ಎಂಬುದು ಹಿಡಿದವನ ಅಂಕೆಯಲ್ಲಿರುವುದಿಲ್ಲ. ಸಾವಿರ ಅಡಿ ಕೊರೆಯಲು ಇಂಥ ಐವತ್ತು ರಾಡು ಬೇಕು. ಐವತ್ತು ಸಲ ಇಳಿಸಬೇಕು, ಮತ್ತೆ ಐವತ್ತು ಸಲ ಮೇಲೆತ್ತಬೇಕು. ಒಂದೇ ರಾತ್ರಿಯಲ್ಲಿ ನೂರು ಸಲ ಕೈ ಅಪಾಯದ ಹತ್ತಿರ ಹೋಗಿಬರುತ್ತದೆ.

ಕೆಲಸದ ಕ್ರಮ ಹೀಗೆ: ನೆಲದೊಳಗೆ ಹೋದ ರಾಡಿನ ಮೇಲ್ತುದಿ ರಿಗ್ಗಿನ ಅಡಿಹಲಗೆಯ ಮಟ್ಟಕ್ಕೆ ಬಂದಾಗ ಆಪರೇಟರ್ ಗಾಳಿ ನಿಲ್ಲಿಸುತ್ತಾನೆ. ರಾಡಿನ ಕತ್ತಿನಲ್ಲಿ ಎರಡು ಕಡೆ ಚಪ್ಪಟೆಯಾಗಿ ಕಡೆದ ಜಾಗವಿರುತ್ತದೆ. ಅಲ್ಲಿಗೆ ಕುದುರೆ ಲಾಳದ ಆಕಾರದ ದಪ್ಪ ಉಕ್ಕಿನ ಕವೆಯೊಂದನ್ನು ತಳ್ಳುತ್ತಾರೆ. ತೂತಿನೊಳಗೆ ತೂಗುತ್ತಿರುವ ಅಷ್ಟೂ ರಾಡುಗಳ ಭಾರ ಆ ಕವೆಯ ಮೇಲೆ ಕೂರುತ್ತದೆ. ಸಾವಿರ ಅಡಿಯಲ್ಲಿ ನಾಲ್ಕೂವರೆ ಟನ್ನು! ಬಳಿಕ ಮೇಲಿನ ತಿರುಗುವ ಹೆಡ್ಡು ತಿರುಪು ಬಿಚ್ಚಿಕೊಂಡು ಮಾಸ್ಟಿನ ತುದಿಗೆ ಏರುತ್ತದೆ. ಪಕ್ಕದ ಲಾರಿಯಲ್ಲಿ ನಿಂತವನು ಹೊಸ ರಾಡಿಗೆ ಕೊಕ್ಕೆ ಹಾಕುತ್ತಾನೆ. ವಿಂಚಿನ ತಂತಿಹಗ್ಗ ಅದನ್ನು ಎತ್ತುತ್ತದೆ. ಕೆಳಗೆ ನಿಂತವನು ಓಲಾಡುವ ಬುಡವನ್ನು ಎರಡೂ ಕೈಯಿಂದ ಹಿಡಿದು, ಕೆಳಗಿನ ರಾಡಿನ ಬಾಯಿಗೆ ಸರಿಯಾಗಿ ಕೂರಿಸುತ್ತಾನೆ. ಹೆಡ್ಡು ಇಳಿದು ತಿರುಪು ಬಿಗಿಯುತ್ತದೆ. ಕವೆ ತೆಗೆದರೆ ಮತ್ತೆ ಕುಟ್ಟಾಟ ಶುರು. ಪಳಗಿದ ತಂಡಕ್ಕೆ ಇಷ್ಟಕ್ಕೂ ಹೆಚ್ಚು ಹೊತ್ತು ಬೇಡ. ನೋಡುವವರಿಗೆ ಇದೊಂದು ಕೈಚಳಕ.

ಕೈಚಳಕ ತಪ್ಪಿದರೆ? ಬುಡ ಕೂರಿಸುವಾಗ ಬೆರಳು ಎರಡು ಉಕ್ಕಿನ ನಡುವೆ ಸಿಕ್ಕಿದರೆ ಉಳಿಯುವುದಿಲ್ಲ. ತಿರುಗುವ ರಾಡಿಗೆ ಹೆಗಲ ಮೇಲಿನ ಟವೆಲೋ ಲುಂಗಿಯ ಅಂಚೋ ಸುತ್ತಿಕೊಂಡರೆ ಮನುಷ್ಯನನ್ನೇ ಸೆಳೆದುಕೊಳ್ಳುತ್ತದೆ. ಕೊಕ್ಕೆ ಜಾರಿದರೆ ತೊಂಬತ್ತು ಕಿಲೋ ಉಕ್ಕು ನೇರ ಕೆಳಕ್ಕೆ. ಕೊಳವೆಯೊಳಗೆ ಗಾಳಿ ಪೂರ್ತಿ ಹೊರಹೋಗುವ ಮೊದಲೇ ತಿರುಪು ಬಿಚ್ಚಿದರೆ ಕಲ್ಲಿನ ಚೂರು ಮುಖಕ್ಕೆ ಸಿಡಿಯುತ್ತದೆ. ಇಂದಿನ ಕಂಪ್ರೆಸರುಗಳ ಒತ್ತಡ ಚದರ ಅಂಗುಲಕ್ಕೆ 300 ಪೌಂಡು ದಾಟುತ್ತದೆ, ಅಂದರೆ ಕಾರಿನ ಟೈರಿನಲ್ಲಿರುವ ಗಾಳಿಯ ಹತ್ತು ಪಟ್ಟು. ಇನ್ನು ಕವೆ ಸರಿಯಾಗಿ ಕೂರದೆ ಜಾರಿತೆಂದರೆ ಅಷ್ಟೂ ರಾಡು, ಹ್ಯಾಮರ್, ಬಿಟ್ಟು ಎಲ್ಲ ಪಾತಾಳಕ್ಕೆ ಹೋದಂತೆಯೇ. ಆಗ ರಿಗ್ಗಿನ ಒಡೆಯನಿಗೆ ಲಕ್ಷಾಂತರ ರೂಪಾಯಿ ನಷ್ಟ, ರೈತನಿಗೆ ಕೊರೆದ ಬೋರೂ ಇಲ್ಲ.

ಇಳಿಸುವಾಗಿಗಿಂತ ಮೇಲೆತ್ತುವಾಗಲೇ ಅಪಾಯ ಜಾಸ್ತಿ. ಅಷ್ಟು ಹೊತ್ತಿಗೆ ಬೆಳಗಿನ ಜಾವ. ರಾಡುಗಳಿಗೆ ಕೆಸರು ಮೆತ್ತಿರುತ್ತದೆ, ತಿರುಪುಗಳು ಕಚ್ಚಿಕೊಂಡಿರುತ್ತವೆ, ಹುಡುಗರ ಕಣ್ಣು ಎಳೆಯುತ್ತಿರುತ್ತದೆ. ನೀರು ಸಿಕ್ಕದಿದ್ದರಂತೂ ಯಾರಿಗೂ ಅಲ್ಲಿ ನಿಲ್ಲುವ ಮನಸ್ಸಿಲ್ಲ. ಬೇಗ ಎತ್ತಿ, ಬೇಗ ಕಟ್ಟಿ, ಮುಂದಿನ ಊರಿಗೆ ಹೊರಡುವ ತರಾತುರಿ.

ಸರಪಳಿಯಿಂದ ಉಕ್ಕಿನ ತೋಳಿಗೆ

ಎಣ್ಣೆ ಬಾವಿಗಳಲ್ಲಿ ಈ ಪಾಡು ಇನ್ನೂ ಘೋರವಾಗಿತ್ತು. ಅಲ್ಲಿನ ಕೊಳವೆ ಮೂವತ್ತಡಿ ಉದ್ದ, ಕಾಲು ಟನ್ನಿಗೂ ಮೀರಿದ ಭಾರ. ಅಮೆರಿಕದ ಬಾವಿಗಳಲ್ಲಿ ಕೆಲಸಗಾರನೊಬ್ಬ ಕೊಳವೆಗೆ ಸರಪಳಿ ಸುತ್ತುತ್ತಿದ್ದ. ಬುಗುರಿಗೆ ದಾರ ಸುತ್ತಿ ಎಳೆದಂತೆ ಯಂತ್ರ ಆ ಸರಪಳಿಯನ್ನು ಎಳೆದರೆ ಕೊಳವೆ ಗಿರ್ರನೆ ತಿರುಗಿ ತಿರುಪು ಕೂರುತ್ತಿತ್ತು. ಸರಪಳಿ ಹಾರಿದಾಗ ಬೆರಳುಗಳೂ ಹಾರುತ್ತಿದ್ದವು. ಆ ಕಾಲದ ಕೆಲಸಗಾರರಲ್ಲಿ ಹತ್ತೂ ಬೆರಳು ಉಳಿಸಿಕೊಂಡವನು ಅದೃಷ್ಟವಂತ ಎನ್ನಬೇಕು. 1970ರ ದಶಕದಲ್ಲಿ ಇದಕ್ಕೊಂದು ಪರಿಹಾರ ಬಂತು. ‘ಐರನ್ ರಫ್‌ನೆಕ್’ ಎಂಬ ಯಂತ್ರ ಕೆಳಗಿನ ಕೊಳವೆಯನ್ನು ಒಂದು ದವಡೆಯಲ್ಲಿ ಕಚ್ಚಿ ಹಿಡಿದು, ಮೇಲಿನದನ್ನು ಇನ್ನೊಂದರಲ್ಲಿ ತಿರುಗಿಸುತ್ತದೆ. ರಫ್‌ನೆಕ್ ಎಂದರೆ ಎಣ್ಣೆ ಬಾವಿಯ ಕೂಲಿಕಾರನಿಗಿದ್ದ ಅಡ್ಡಹೆಸರು. ಅವನ ಹೆಸರನ್ನೇ ಅವನ ಕೆಲಸ ಕಸಿದ ಯಂತ್ರಕ್ಕಿಟ್ಟರು. ಕಸಿದದ್ದು ಕೆಲಸ, ಉಳಿಸಿದ್ದು ಬೆರಳು.

ಗಣಿಗಳಲ್ಲಿ ಸಿಡಿಮದ್ದಿನ ತೂತು ಕೊರೆಯುವ ಯಂತ್ರಗಳಲ್ಲಿ ಬೇರೊಂದು ಏರ್ಪಾಡಿದೆ. ರಿವಾಲ್ವರಿನ ಗುಂಡುಗಳಂತೆ ರಾಡುಗಳನ್ನು ವೃತ್ತಾಕಾರದ ಚೌಕಟ್ಟಿನಲ್ಲಿ ನಿಲ್ಲಿಸಿ ಮಾಸ್ಟಿನ ಪಕ್ಕಕ್ಕೇ ಜೋಡಿಸಿರುತ್ತಾರೆ. ಇದಕ್ಕೆ ಕೆರೊಸೆಲ್ ಎಂದು ಹೆಸರು. ಜಾತ್ರೆಯ ತಿರುಗುವ ಕುದುರೆಗಳ ಆಟಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿದೆ. ಆಪರೇಟರ್ ಕ್ಯಾಬಿನ್ನಿನಲ್ಲಿ ಕೂತು ಗುಂಡಿ ಒತ್ತಿದರೆ ಚೌಕಟ್ಟು ತಿರುಗಿ ಒಂದು ರಾಡನ್ನು ತೂತಿನ ನೇರಕ್ಕೆ ತರುತ್ತದೆ. ದವಡೆ ಹಿಡಿಯುತ್ತದೆ, ಹೆಡ್ಡು ಬಿಗಿಯುತ್ತದೆ. ಮನುಷ್ಯನ ಕೈ ಉಕ್ಕನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ನಮ್ಮ ಬೋರ್‌ವೆಲ್ ಲಾರಿಗಳಿಗೂ ಅದನ್ನೇ ಹಾಕಬಾರದೇಕೆ? ಕೇಳುವುದು ಸುಲಭ. ಲಾರಿಯ ಮೇಲಿನ ಕೆರೊಸೆಲ್‌ನಲ್ಲಿ ಹಿಡಿಯುವುದು ಏಳೆಂಟು ರಾಡು. ನೂರೈವತ್ತು ಅಡಿಗೆ ಅದು ಖಾಲಿ. ಐವತ್ತು ರಾಡು ಹಿಡಿಸುವಂತೆ ಮಾಡಿದರೆ ನಾಲ್ಕೂವರೆ ಟನ್ನು ಮಾಸ್ಟಿಗೆ ನೇತುಬಿದ್ದು ಲಾರಿಯೇ ಮಗುಚಬೇಕು. ಆದ್ದರಿಂದ ಆಳದ ಬೋರಿಗೆ ಸರಿಹೊಂದುವುದು ಇನ್ನೊಂದು ವಿಧಾನ: ಹೈಡ್ರಾಲಿಕ್ ತೋಳು. ರಾಡುಗಳು ಪಕ್ಕದ ಲಾರಿಯಲ್ಲೇ ಮಲಗಿರುತ್ತವೆ. ತೋಳು ಒಂದನ್ನು ಎರಡು ಕಡೆ ದವಡೆಯಿಂದ ಕಚ್ಚಿ, ಎತ್ತಿ, ನೆಟ್ಟಗೆ ನಿಲ್ಲಿಸಿ, ಮಾಸ್ಟಿನ ನೇರಕ್ಕೆ ತಂದು ಕೊಡುತ್ತದೆ. ಒಂದೇ ಕೊಕ್ಕೆಯಲ್ಲಿ ಓಲಾಡುವುದಕ್ಕೂ ಎರಡು ಕಡೆ ಹಿಡಿದು ಎತ್ತುವುದಕ್ಕೂ ಎಷ್ಟು ಅಂತರ!

ಈ ದವಡೆಗಳಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ದವಡೆ ಎಣ್ಣೆಯ ಒತ್ತಡದಿಂದ ಮುಚ್ಚಿಕೊಂಡಿರುತ್ತದೆ. ಕೊಳವೆ ಎತ್ತಿ ಹಿಡಿದಾಗಲೇ ಹೋಸ್ ಪೈಪು ಒಡೆದರೆ? ಒಳ್ಳೆಯ ಯಂತ್ರದಲ್ಲಿ ಸಿಲಿಂಡರಿಗೇ ಅಂಟಿಕೊಂಡ ಒಂದು ಬೀಗದ ವಾಲ್ವು ಇರುತ್ತದೆ. ಪೈಪು ಒಡೆದರೂ ಒಳಗಿನ ಎಣ್ಣೆ ಹೊರಬರದೆ ದವಡೆ ಹಿಡಿದಂತೆಯೇ ಉಳಿಯುತ್ತದೆ. ಅಗ್ಗದ ತೋಳು ಮಾಡಿಸುವವರು ಮೊದಲು ಕೈಬಿಡುವುದು ಇಂಥ ಕಣ್ಣಿಗೆ ಕಾಣದ ಭಾಗಗಳನ್ನೇ.

ಯೂರೋಪಿನಲ್ಲಿ ಇದು ಒಡೆಯನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕೊರೆಯುವ ಯಂತ್ರಗಳ ಸುರಕ್ಷತೆಗೆಂದೇ 1995ರಲ್ಲಿ ಇಎನ್ 791 ಎಂಬ ಮಾನದಂಡ ಬಂತು. 2014ರಲ್ಲಿ ಅದರ ಜಾಗಕ್ಕೆ ಇನ್ನೂ ಬಿಗಿಯಾದ ಇಎನ್ 16228 ಬಂದಿತು. ತಿರುಗುವ ರಾಡಿನ ಸುತ್ತ ಕಾವಲು ಜಾಲರಿ ಇರಬೇಕು. ಅದರ ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕು ಎಂಬುದು ಅದರ ದಾರಿ. ಹತ್ತಿರ ನಿಂತೇ ಮಾಡಬೇಕಾದ ಕೆಲಸವಿದ್ದರೆ ವೇಗವನ್ನು ತೀರ ತಗ್ಗಿಸಬೇಕು. ನಮ್ಮಲ್ಲಿ ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ರಿಗ್ಗುಗಳ ನೋಂದಣಿಯ ಮಾತನ್ನಾಡಿತು. ಅದರ ಕಾಳಜಿ ನೆಲದೊಳಗಿನ ನೀರು. ನೆಲದ ಮೇಲೆ ನಿಂತ ಹುಡುಗ ಅದರ ಕಣ್ಣಿಗೆ ಬಿದ್ದಂತಿಲ್ಲ.

ರಸ್ತೆಗಿಳಿದ ಮೇಲೆ

ಕೊರೆದು ಮುಗಿಯಿತೆಂದರೆ ಅಪಾಯ ಮುಗಿಯಿತೆಂದಲ್ಲ. ರಾಡುಗಳನ್ನು ಹೊತ್ತ ಲಾರಿ ಈಗ ಹೆದ್ದಾರಿಗೆ ಬರುತ್ತದೆ. ದುಂಡನೆಯ ಕೊಳವೆ, ಮೇಲೆ ಗ್ರೀಸು. ಉಕ್ಕಿನ ಮೇಲೆ ಉಕ್ಕು ಜಾರಲು ಇನ್ನೇನು ಬೇಕು? ಲಾರಿ ಗಕ್ಕನೆ ಬ್ರೇಕು ಹಾಕಿದರೆ ಲಾರಿ ನಿಲ್ಲುತ್ತದೆ, ರಾಡು ನಿಲ್ಲುವುದಿಲ್ಲ. ಅದರ ಮುಂದಿರುವುದು ಚಾಲಕನ ಕ್ಯಾಬಿನ್ನು. ಸರಕಿನ ತೂಕದ ಶೇಕಡಾ 80ರಷ್ಟು ಬಲವನ್ನು ಮುಂದಕ್ಕೆ, 50ರಷ್ಟನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯುವಂತೆ ಕಟ್ಟಬೇಕೆಂಬುದು ಯೂರೋಪಿನ ಲೆಕ್ಕ. ನಾಲ್ಕೂವರೆ ಟನ್ನು ರಾಡಿಗೆ ಅದು ಮೂರೂವರೆ ಟನ್ನಿಗೂ ಹೆಚ್ಚು. ಒಂದು ನೈಲಾನ್ ಹಗ್ಗದಿಂದ ಆಗುವ ಕೆಲಸವಲ್ಲ ಇದು.

ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರಗಳೇನಲ್ಲ. ಮುಂಭಾಗದಲ್ಲಿ ಗಟ್ಟಿ ಉಕ್ಕಿನ ಗೋಡೆ, ಎರಡೂ ಪಕ್ಕ ಸರಕಿಗಿಂತ ಎತ್ತರದ ಕಂಬಗಳು, ಪದರದ ನಡುವೆ ರಬ್ಬರಿನ ಅಥವಾ ಮರದ ಪಟ್ಟಿ, ಮೇಲಿಂದ ಬಿಗಿಯುವ ಸರಪಳಿ. ಪಟ್ಟಿಯನ್ನು ಕಸವೆಂದು ಎಸೆಯುವುದುಂಟು. ಉಕ್ಕು ಜಾರದಂತೆ ತಡೆಯುವುದು ಮುಖ್ಯವಾಗಿ ಅದೇ. ಹತ್ತು ಕಿಲೋಮೀಟರ್ ಹೋದ ಮೇಲೆ ಇಳಿದು ಸರಪಳಿಯನ್ನು ಮತ್ತೊಮ್ಮೆ ಬಿಗಿಯಬೇಕು. ಓಟದ ಅಲುಗಾಟಕ್ಕೆ ಕೊಳವೆಗಳು ತಮ್ಮ ತಮ್ಮ ಜಾಗಕ್ಕೆ ಕೂತು ಸರಪಳಿ ಸಡಿಲವಾಗಿರುತ್ತದೆ. ಲಾರಿಯಿಂದ ಹಿಂದಕ್ಕೆ ಚಾಚಿದ ಕಬ್ಬಿಣಕ್ಕೆ ಹಿಂದಿನ ವಾಹನದವರು ಬಲಿಯಾಗುತ್ತಿದ್ದುದನ್ನು ಕಂಡು ಕೇಂದ್ರ ಸರ್ಕಾರ 2014ರಲ್ಲಿ ಹೊರಚಾಚಿದ ಸರಕಿನ ನಿಯಮವನ್ನು ಬಿಗಿಗೊಳಿಸಿತು.

ರಿಗ್ಗಿನ ಒಡೆಯರನ್ನು ಮಾತ್ರ ದೂರಿದರೆ ನ್ಯಾಯವಾಗದು. ಸಾಲ ಮಾಡಿ ತಂದ ಲಾರಿ, ಏರುವ ಡೀಸೆಲ್ ಬೆಲೆ, ಅಡಿಯ ದರದಲ್ಲಿ ಪೈಪೋಟಿ. ತೋಳು ಹಾಕಿಸಿದವನು ಅಡಿಗೆ ಎರಡು ರೂಪಾಯಿ ಹೆಚ್ಚು ಕೇಳಿದರೆ ರೈತ ಪಕ್ಕದ ಲಾರಿಯನ್ನು ಕರೆಯುತ್ತಾನೆ. ರೈತನದ್ದೂ ತಪ್ಪೆನ್ನುವಂತಿಲ್ಲ, ಇದು ಅವನ ಮೂರನೆಯ ಬೋರೋ ನಾಲ್ಕನೆಯದೋ ಆಗಿರುತ್ತದೆ. ಆದರೂ ಒಡೆಯರ ಲೆಕ್ಕದ ಪುಸ್ತಕದಲ್ಲಿ ಒಂದು ಬಾಬ್ತು ಸೇರಿಲ್ಲ. ಕೈಯಿಂದ ಎತ್ತುವ ತಂಡಕ್ಕೆ ನಾಲ್ಕೈದು ಜನ ಬೇಕು, ಅವರು ರಾತ್ರಿಯಿಡೀ ದಣಿಯುತ್ತಾರೆ, ಹಬ್ಬಕ್ಕೆ ಊರಿಗೆ ಹೋದರೆ ಹೊಸಬರನ್ನು ಪಳಗಿಸಬೇಕು. ತೋಳಿಗೆ ಬೆಳಗಿನ ಜಾವದ ತೂಕಡಿಕೆಯಿಲ್ಲ.

ಹೊಲದಲ್ಲಿ ಈಗ ಬೆಳಕು ಹರಿಯುತ್ತಿದೆ. 980 ಅಡಿಗೆ ಒಂದೂವರೆ ಅಂಗುಲ ನೀರು. ಯಜಮಾನ ತೆಂಗಿನಕಾಯಿ ಒಡೆದು, ಕೆಸರುನೀರನ್ನೇ ಕಣ್ಣಿಗೊತ್ತಿಕೊಂಡ. ನಲವತ್ತೊಂಬತ್ತು ರಾಡುಗಳು ಒಂದೊಂದಾಗಿ ಮೇಲೆ ಬಂದು ಲಾರಿಯಲ್ಲಿ ಮಲಗಿದವು. ಒಬ್ಬ ಹುಡುಗ ಮೇಲೆ ಹತ್ತಿ ಸರಪಳಿ ಹಾಕಿ ಕಾಲಿನಿಂದ ಒದ್ದು ನೋಡಿದ, ಇನ್ನೊಬ್ಬ ಚಹಾ ಕುಡಿಯುತ್ತ ನಿಂತ. ಲಾರಿ ಗೇರು ಬದಲಿಸಿ ಕಚ್ಚಾ ರಸ್ತೆಗೆ ತಿರುಗಿತು. ಮುಂದಿನ ಪಾಯಿಂಟು ಹನ್ನೆರಡು ಕಿಲೋಮೀಟರ್ ದೂರದಲ್ಲಿತ್ತು.