ಕಾಗದಕ್ಕೆ ಸೋಲುವ ಕಣ, ಬೆಟ್ಟಕ್ಕೂ ಬಗ್ಗದ ಕಣ

ಒಂದು ಗಾಜಿನ ಪೆಟ್ಟಿಗೆ, ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್, ಅಡಿಯಲ್ಲಿ ಮೈನಸ್ 78 ಡಿಗ್ರಿ ಚಳಿಯ ಡ್ರೈ ಐಸ್, ಪಕ್ಕದಿಂದ ಟಾರ್ಚ್ ಬೆಳಕು. ಕಣಗಳು ಹಾದ ದಾರಿಯನ್ನು ಗೆರೆಯಾಗಿ ತೋರಿಸುವ, ಮನೆಯಲ್ಲೇ ಕಟ್ಟಬಹುದಾದ ಕ್ಲೌಡ್ ಚೇಂಬರಿಗೆ ಇಷ್ಟು ಸಾಕು. ವೆಲ್ಡಿಂಗ್‌ಗೆ ಬಳಸುವ, ಶೇಕಡ 2ರಷ್ಟು ಥೋರಿಯಂ ಬೆರೆತ ಟಂಗ್‌ಸ್ಟನ್ ಕಡ್ಡಿಯೊಂದನ್ನು ಒಳಗಿಟ್ಟರೆ ಅದರ ಮೈಯಿಂದ ಬಿಳಿ ಗೆರೆಗಳು ಚಿಮ್ಮತೊಡಗುತ್ತವೆ. ಆ ಗೆರೆಗಳಿಗೆ ಕಾಗದ, ಅಲ್ಯೂಮಿನಿಯಂ, ಸೀಸ ಎಂದು ಒಂದೊಂದನ್ನೇ ಅಡ್ಡ ಹಿಡಿದು ಯಾವುದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ಹೋಗಬಹುದು. ಲೆಕ್ಕ ಶುರುವಾಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ. ಮುಗಿಯುವುದು ಎಲ್ಲಿ ಎಂದು ಈಗಲೇ ಹೇಳಿದರೆ ಯಾರೂ ನಂಬುವುದಿಲ್ಲ.

ಮೊದಲು ಆ ಕಡ್ಡಿಯ ವಯಸ್ಸನ್ನೇ ನೋಡಿ. ಥೋರಿಯಂನ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ! ವಿಶ್ವ ಹುಟ್ಟಿದ ಗಳಿಗೆಯಲ್ಲೇ ಒಂದು ಕಿಲೋ ಥೋರಿಯಂ ತೆಗೆದಿಟ್ಟಿದ್ದರೂ ಇಂದಿಗೆ ಅರ್ಧ ಕಿಲೋಗಿಂತ ಹೆಚ್ಚೇ ಉಳಿದಿರುತ್ತಿತ್ತು.

ಇಷ್ಟು ನಿಧಾನದ ವಸ್ತುವಿನಿಂದ ಹೊರಡುವ ಆಲ್ಫಾ ಕಣದ ವೇಗ ಸೆಕೆಂಡಿಗೆ ಸುಮಾರು 14,000 ಕಿ.ಮೀ. ಪ್ರಯಾಣಿಕರ ಜೆಟ್ ವಿಮಾನಕ್ಕಿಂತ 56,000 ಪಟ್ಟು ಜೋರು. ಇದೇ ವೇಗದಲ್ಲಿ ಹೋದರೆ ಮೂರು ಸೆಕೆಂಡು ತುಂಬುವುದರೊಳಗೆ ಭೂಮಿಗೆ ಒಂದು ಪ್ರದಕ್ಷಿಣೆ ಮುಗಿದಿರುತ್ತದೆ. ಆದರೆ ಅದು ಹೋಗುವುದೇ ಇಲ್ಲ. ಗಾಳಿಯಲ್ಲಿ ಎರಡೂವರೆ ಸೆಂಟಿಮೀಟರ್ ಓಡಿ, ದಾರಿಯಲ್ಲಿ ಲಕ್ಷಕ್ಕೂ ಹೆಚ್ಚು ಅಯಾನ್ ಜೋಡಿಗಳನ್ನು ಎಬ್ಬಿಸಿ, ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ ಒಂದು ಹಾಳೆ ಬರೆಯುವ ಕಾಗದ ಹಿಡಿದರೆ ಆಚೆ ಬದಿಗೆ ಸುಳಿವೇ ಇಲ್ಲ.

ಅದು ಬಿಟ್ಟುಹೋಗುವ ಗೆರೆಯ ಅಗಲ ಸುಮಾರು ಒಂದು ಮಿಲಿಮೀಟರ್, ಬರಿಗಣ್ಣಿಗೆ ಕಾಣುವಷ್ಟು. ಗೆರೆ ಎಳೆದ ಕಣ ಎಷ್ಟು ದೊಡ್ಡದು? ಆಲ್ಫಾ ಕಣವನ್ನು ಒಂದೂವರೆ ಮಿಲಿಮೀಟರಿನ ಸಾಸಿವೆ ಕಾಳಿನಷ್ಟು ಹಿಗ್ಗಿಸಿದರೆ, ಅದೇ ಪ್ರಮಾಣದಲ್ಲಿ ಹಿಗ್ಗಿದ ಗೆರೆಯ ಅಗಲ ನಾಲ್ಕು ಲಕ್ಷ ಕಿಲೋಮೀಟರ್ ದಾಟುತ್ತದೆ. ಭೂಮಿಯಿಂದ ಚಂದ್ರನಿಗೆ ಇರುವ ದೂರಕ್ಕಿಂತ ಹೆಚ್ಚು! ಸಾಸಿವೆ ಕಾಳು ನಡೆದ ದಾರಿ ಚಂದ್ರನವರೆಗೂ ಅಗಲವಾಗಿದೆ. ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ 1911ರಲ್ಲಿ ಮೊದಲ ಬಾರಿಗೆ ಈ ಗೆರೆಗಳನ್ನು ಕಣ್ಣಿಗೆ ಕಾಣಿಸಿದಾಗ ಭೌತವಿಜ್ಞಾನಕ್ಕೆ ಸಿಕ್ಕ ಕೊಡುಗೆ ಇದು. 1927ರಲ್ಲಿ ನೊಬೆಲ್ ಬಂದದ್ದು ನ್ಯಾಯವೇ.

ಬೀಟಾ ಕಣಕ್ಕೆ ಕಾಗದ ಲೆಕ್ಕಕ್ಕಿಲ್ಲ. ಚುರುಕಾದ ಬೀಟಾ ಸೆಕೆಂಡಿಗೆ 2.9 ಲಕ್ಷ ಕಿ.ಮೀ. ಓಡುತ್ತದೆ. ಅದು ಭೂಮಿಗೆ ಸೆಕೆಂಡಿಗೆ ಏಳು ಸುತ್ತು. ಅದನ್ನು ಹಿಡಿಯಲು ಸುಮಾರು ನಾಲ್ಕು ಮಿಲಿಮೀಟರ್ ಅಲ್ಯೂಮಿನಿಯಂ ಬೇಕು, ಎಂದರೆ ಅಡುಗೆಮನೆಯ ತೆಳು ಫಾಯಿಲ್ 250 ಪದರ.

ಗಾಮಾ ಕಿರಣ ಇನ್ನೂ ಹಟಮಾರಿ. ಕೋಬಾಲ್ಟ್-60ರ ಗಾಮಾ ಕಿರಣವನ್ನು ಅರ್ಧಕ್ಕಿಳಿಸಲು 1.2 ಸೆಂಟಿಮೀಟರ್ ಸೀಸ ಬೇಕು. ಉಳಿದದ್ದನ್ನು ಅರ್ಧಕ್ಕಿಳಿಸಲು ಮತ್ತೆ ಅಷ್ಟೇ. 12 ಸೆಂಟಿಮೀಟರ್ ಸೀಸ ದಾಟುವುದು ಸುಮಾರು ಸಾವಿರಕ್ಕೆ ಒಂದು, 24 ದಾಟುವುದು ಹತ್ತು ಲಕ್ಷಕ್ಕೆ ಒಂದು, 36 ದಾಟುವುದು ನೂರು ಕೋಟಿಗೆ ಒಂದು. ಸೊನ್ನೆ ಮಾತ್ರ ಬರುವುದೇ ಇಲ್ಲ.

ಸೀಸದ ತುಂಡನ್ನು ಕ್ಲೌಡ್ ಚೇಂಬರಿನಲ್ಲಿ ಅಡ್ಡ ಇಟ್ಟ ಪ್ರಯೋಗಗಳಲ್ಲಿ ಜಗತ್ತನ್ನೇ ಬದಲಿಸಿದ್ದು ಒಂದಿದೆ. 1932ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ ಆಂಡರ್ಸನ್ ಬರೀ ಆರು ಮಿಲಿಮೀಟರ್ ದಪ್ಪದ ಸೀಸದ ಹಲಗೆ ಇಟ್ಟರು. 6.3 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಂದಿಗೆ ಬಂದ ಕಣವೊಂದು 2.3 ಕೋಟಿಗೆ ಇಳಿದು ಆಚೆ ಹೊರಟು, ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿಗೆ ವಿರುದ್ಧ ದಿಕ್ಕಿಗೆ ಬಾಗಿತು. ಅದೇ ಪಾಸಿಟ್ರಾನ್, ಮನುಷ್ಯ ಗುರುತಿಸಿದ ಮೊದಲ ಪ್ರತಿದ್ರವ್ಯ. 1,300 ಫೋಟೊಗಳಲ್ಲಿ ಧನ ವಿದ್ಯುದಂಶದ ಅಂಥ ಗೆರೆ ಸಿಕ್ಕಿದ್ದು ಕೇವಲ 15. ಅವರಿಗಿನ್ನೂ 26 ವರ್ಷ. ನೊಬೆಲ್ ಬಂದಾಗ 31!

ಈಗ ಕಡ್ಡಿಯನ್ನು ಹೊರಗೆ ತೆಗೆದಿಡಿ. ಗೆರೆಗಳು ನಿಲ್ಲುವುದಿಲ್ಲ. ನೇರವಾಗಿ, ಉದ್ದವಾಗಿ, ಆಕಾಶದ ಕಡೆಯಿಂದ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹಲವು ಮ್ಯುವಾನ್ ಎಂಬ ಕಣಗಳವು. ಹುಟ್ಟುವುದು ಸುಮಾರು 15 ಕಿಲೋಮೀಟರ್ ಮೇಲೆ, ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ ಎರಡು ಚಿಲ್ಲರೆ ಭಾಗ. ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರಿಗೆ ಕಥೆ ಮುಗಿಯಬೇಕು. ಆದರೂ ನೆಲಕ್ಕೆ ಬಂದು ಮುಟ್ಟುತ್ತವೆ. ಅದು ಹೇಗೆಂದು ಐನ್‌ಸ್ಟೈನ್ ಹೇಳಿದ್ದಾರೆ. ನಾವು ಬೆರಗಾದರೆ ಸಾಕು.

ಈ ಮಳೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದು ಹನಿ. ಅರ್ಧ ಚದರ ಮೀಟರ್ ಜಾಗದಲ್ಲಿ ಮಲಗಿದವರ ಮೂಲಕ ಎಂಟು ಗಂಟೆಯ ನಿದ್ದೆಯಲ್ಲಿ 24 ಲಕ್ಷ ಮ್ಯುವಾನ್‌ಗಳು ಹಾದುಹೋಗುತ್ತವೆ. ಪ್ರತಿ ಚದರ ಮೀಟರ್ ನೆಲದ ಮೇಲೆ ಹತ್ತು ಟನ್ ಗಾಳಿ ಕೂತಿದೆ, ಅದರ ಬಹುಪಾಲನ್ನು ಸೀಳಿ ಬಂದ ಕಣ ಇದು. ಮನೆಯ ಆರ್‌ಸಿಸಿ ಚಾವಣಿ ಅದರ ಶಕ್ತಿಯಲ್ಲಿ ನೂರಕ್ಕೆ ಎರಡು ಪಾಲನ್ನೂ ಕಸಿಯಲಾರದು. ಮೂರು ಆನೆ ತೂಕದ ಒಂದು ಘನ ಮೀಟರ್ ಸೀಸ ಇಟ್ಟರೂ ಸರಾಸರಿ ಶಕ್ತಿಯ ಮ್ಯುವಾನ್ ತೂರಿಕೊಂಡು ಹೋಗುತ್ತದೆ.

ಹಾಗಾದರೆ ಎಷ್ಟು ದಪ್ಪ ಬೇಕು? ಉತ್ತರ ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ನಂಜನಗೂಡಿನ ಬಳಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅವರ ಸಂಗಡಿಗರು 1950ರ ದಶಕದಿಂದಲೇ ಅಲ್ಲಿ ಮ್ಯುವಾನ್ ಎಣಿಸತೊಡಗಿದ್ದರು. ಆಳಕ್ಕೆ ಇಳಿದಂತೆಲ್ಲ ಎಣಿಕೆ ಕುಸಿಯುತ್ತ ಹೋಯಿತು. ಕೊನೆಗೆ 2,760 ಮೀಟರ್ ಆಳದಲ್ಲಿ, ಬುರ್ಜ್ ಖಲೀಫಾದಂಥ ಮೂರು ಕಟ್ಟಡಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮೇಲೆ ಜಾಗ ಉಳಿಯುವಷ್ಟು ಆಳದಲ್ಲಿ, ಸುಮಾರು ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ತಲೆಯ ಮೇಲಿದ್ದ ಕಲ್ಲು ಪ್ರತಿ ಚದರ ಮೀಟರಿಗೆ 8,400 ಟನ್. ಒಂದು ಚದರ ಮೀಟರ್ ಜಾಗದ ಮೇಲೆ 2,100 ಆನೆಗಳು!

ಆ ಮೌನವೇ ಬೇಕಾಗಿತ್ತು. 1965ರಲ್ಲಿ ಅದೇ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಜಗತ್ತಿನಲ್ಲಿ ಅವನ್ನು ಮೊದಲು ಪತ್ತೆ ಹಚ್ಚಿದವರ ಸಾಲಿನಲ್ಲಿ ಕೋಲಾರದ ಹೆಸರಿದೆ. ಈ ಕಣಕ್ಕೆ ಬೆಟ್ಟವೂ ಒಂದೇ, ಬಯಲೂ ಒಂದೇ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಹೆಬ್ಬೆರಳಿನ ಉಗುರನ್ನು ಸೆಕೆಂಡಿಗೆ 6,500 ಕೋಟಿ ಹಾಯುತ್ತವೆ. ಭೂಮಿಯ ಜನಸಂಖ್ಯೆಯ ಎಂಟು ಪಟ್ಟು, ಪ್ರತಿ ಸೆಕೆಂಡಿಗೆ, ಒಂದು ಉಗುರಿಗೆ! ಅವುಗಳಲ್ಲಿ ಸುಮಾರು ಅರ್ಧವನ್ನು ತಡೆಯಬೇಕಾದರೆ ಒಂದು ಜ್ಯೋತಿರ್ವರ್ಷ ದಪ್ಪದ ಸೀಸದ ಗೋಡೆ ಬೇಕು. 9.46 ಲಕ್ಷ ಕೋಟಿ ಕಿಲೋಮೀಟರ್. ಆ ಗೋಡೆಯ ಉದ್ದಕ್ಕೂ ಜೆಟ್ ವಿಮಾನ ಹಾರಿದರೆ ಆಚೆ ತುದಿ ತಲುಪಲು 12 ಲಕ್ಷ ವರ್ಷ.

ನಿಮ್ಮ ಗಾಜಿನ ಪೆಟ್ಟಿಗೆಗೆ ನ್ಯೂಟ್ರಿನೊ ಕಾಣುವುದಿಲ್ಲ. ಆದರೆ ಮ್ಯುವಾನ್ ನೋಡಲು ವಿಕಿರಣ ಸೂಸುವ ವಸ್ತು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ, ಅಂಥ ವಸ್ತುವಿಗಾಗಿ ಹೊಗೆ ಪತ್ತೆಯಂತ್ರವನ್ನಂತೂ ಒಡೆಯಲೇಬೇಡಿ. ಡ್ರೈ ಐಸ್ ಮುಟ್ಟುವಾಗ ದಪ್ಪ ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಬೆಂಕಿ ದೂರವಿರಲಿ. 20 ಸೆಂಟಿಮೀಟರ್ ಚೌಕದ ಪೆಟ್ಟಿಗೆಯ ಮೂಲಕ ನಿಮಿಷಕ್ಕೆ 400 ಮ್ಯುವಾನ್‌ಗಳು ಪುಕ್ಕಟೆಯಾಗಿ ಹಾದುಹೋಗುತ್ತಿರುತ್ತವೆ.