ಕತ್ತಲಲ್ಲಿ ಅಳೆದು ಆರಿಸಬೇಕಾದ ಎಲ್‌ಡಿಆರ್

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಜಾತ್ರೆಗಳಲ್ಲಿ ರಸಮಂಜರಿ ಎಂದರೆ ಒಂದು ಕನ್ನಡ ಹಾಡು, ಅದರ ಬೆನ್ನಿಗೇ ಒಂದು ತೆಲುಗು ಹಾಡು. ಕೀಬೋರ್ಡ್, ರಿದಮ್ ಪ್ಯಾಡ್, ಢೋಲಕ್‌ಗಳ ನಡುವೆ ಗಿಟಾರ್ ನುಡಿಸುವವರ ಕಷ್ಟ ಎರಡೂ ಹಾಡಿಗೆ ಒಂದೇ. ಕಾರ್ಡ್ ಹಿಡಿದು ಬಾರಿಸಿದರೆ ಸ್ಪೀಕರ್ ಕಿರುಚುತ್ತದೆ. ಪಲ್ಲವಿ ಮುಗಿದು ಚರಣ ಬರುವ ಮುನ್ನ ಒಂದೊಂದೇ ತಂತಿ ಮೀಟುವ ಬಿಟ್ ಬಂದಾಗ ಗಿಟಾರ್ ಇದೆಯೋ ಇಲ್ಲವೋ ಎನ್ನುವಂತಾಗುತ್ತದೆ. ಮಿಕ್ಸರ್ ಮುಂದೆ ಕೂತವರು ಏರಿಸಿ ಇಳಿಸುವಷ್ಟರಲ್ಲಿ ಆ ಬಿಟ್ ಮುಗಿದಿರುತ್ತದೆ. ಜೋರಾದದ್ದನ್ನು ತಗ್ಗಿಸಿ, ಮೆಲ್ಲಗಿನದನ್ನು ಎತ್ತಿ, ಈ ಏರಿಳಿತವನ್ನು ತಾನಾಗಿ ಸರಿದೂಗಿಸುವ ಪೆಟ್ಟಿಗೆಗೆ ಕಂಪ್ರೆಸರ್ ಪೆಡಲ್ ಎನ್ನುತ್ತಾರೆ. ಬೆಸುಗೆ ಹಾಕಲು ಬಂದರೆ ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಮುಖ್ಯ ಭಾಗದ ಬೆಲೆ ಹತ್ತು ರೂಪಾಯಿಯ ಆಸುಪಾಸು.

ಆ ಭಾಗವೇ ಎಲ್‌ಡಿಆರ್. ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ದೀಪಗಳಲ್ಲಿ, ಶಾಲಾ ಮಕ್ಕಳ ವಿಜ್ಞಾನ ಮಾದರಿಗಳಲ್ಲಿ ಕಾಣುವ, ಹಾವಿನಂತೆ ಸುತ್ತಿದ ಕೆಂಪು ಗೆರೆಯ ಪುಟ್ಟ ಬಿಲ್ಲೆ. ಅದರ ಮೇಲಿರುವುದು ಕ್ಯಾಡ್ಮಿಯಂ ಸಲ್ಫೈಡ್ ಲೇಪ. ಬೆಳಕು ಬಿದ್ದರೆ ಅದರ ರೋಧ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ. ಗಿಟಾರಿನ ಸಂಕೇತದಿಂದಲೇ ಒಂದು ಎಲ್‌ಇಡಿ ಬೆಳಗುವಂತೆ ಮಾಡಿ, ಆ ಬೆಳಕನ್ನು ಎಲ್‌ಡಿಆರ್ ಮೇಲೆ ಬೀಳಿಸಿ, ಆ ಎಲ್‌ಡಿಆರನ್ನು ಆಂಪ್ಲಿಫೈಯರಿನ ಫೀಡ್‌ಬ್ಯಾಕ್ ದಾರಿಯಲ್ಲಿ ಕೂರಿಸಿದರೆ ಮುಗಿಯಿತು. ಜೋರಾಗಿ ಬಾರಿಸಿದಷ್ಟೂ ಎಲ್‌ಇಡಿ ಪ್ರಖರವಾಗುತ್ತದೆ, ರೋಧ ಕುಸಿಯುತ್ತದೆ, ದನಿ ತಗ್ಗುತ್ತದೆ.

1960ರ ದಶಕದಲ್ಲಿ ಅಮೆರಿಕದ ಟೆಲಿಟ್ರಾನಿಕ್ಸ್ ಕಂಪನಿಯ ಎಲ್‌ಎ-2ಎ ಎಂಬ ಸ್ಟುಡಿಯೋ ಯಂತ್ರ ಹೆಸರು ಮಾಡಿದ್ದು ಇದೇ ಉಪಾಯದಿಂದ. ಅದರಲ್ಲಿ ಎಲ್‌ಇಡಿಯ ಬದಲು ಹೊಳೆಯುವ ಫಲಕವಿತ್ತು. ಒಮ್ಮೆ ತಗ್ಗಿದ ದನಿ ಅರ್ಧದಷ್ಟು ಚೇತರಿಸಿಕೊಳ್ಳಲು ಅದಕ್ಕೆ ಸುಮಾರು 60 ಮಿಲಿಸೆಕೆಂಡ್ ಸಾಕು, ಆದರೆ ಉಳಿದರ್ಧಕ್ಕೆ ಕೆಲವು ಸೆಕೆಂಡುಗಳೇ ಹಿಡಿಯಬಹುದು. ಬೆಳಕು ಆರಿದ ಮೇಲೂ ಲೇಪದೊಳಗಿನ ಎಲೆಕ್ಟ್ರಾನುಗಳು ಒಮ್ಮೆಲೇ ಸ್ವಸ್ಥಾನಕ್ಕೆ ಮರಳುವುದಿಲ್ಲ. ಕೆಲವು ಅಲ್ಲಲ್ಲಿ ಸಿಕ್ಕಿಬಿದ್ದು ನಿಧಾನವಾಗಿ ಬಿಡುಗಡೆಯಾಗುತ್ತವೆ. ಈ ನಿಧಾನವೇ ಕಿವಿಗೆ ಹಿತ.

ಅಂಗಡಿಯಲ್ಲಿ ಮೊದಲು ಎಡವುವುದು ಇಲ್ಲೇ. ಎಲ್‌ಡಿಆರ್ ಇಲ್ಲವೆಂದರೆ ಫೋಟೊ ಟ್ರಾನ್ಸಿಸ್ಟರನ್ನೋ ಪಿಸಿ817 ಎಂಬ ನಾಲ್ಕು ಕಾಲಿನ ಆಪ್ಟೋಕಪ್ಲರನ್ನೋ ಕೊಡುತ್ತಾರೆ. ಎರಡೂ ಬೆಳಕಿಗೆ ಸ್ಪಂದಿಸುತ್ತವೆ ನಿಜ, ಆದರೆ ಅವುಗಳ ವೇಗ ಮೈಕ್ರೊಸೆಕೆಂಡಿನ ಲೆಕ್ಕದ್ದು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಅಂದರೆ ಒಂದು ಕಂಪನಕ್ಕೆ 12 ಮಿಲಿಸೆಕೆಂಡ್. ಅದಕ್ಕಿಂತ ಚುರುಕಾದ ಭಾಗ ಒಂದೊಂದು ಕಂಪನದ ಹಿಂದೆಯೂ ಓಡಿ ದನಿಯ ಆಕಾರವನ್ನೇ ಕೆಡಿಸುತ್ತದೆ. ಜೊತೆಗೆ ಫೋಟೊ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ ಹರಿಯುವುದು ಒಂದೇ ದಿಕ್ಕಿಗೆ, ತಂತಿಯ ಸಂಕೇತವೋ ಎರಡೂ ದಿಕ್ಕಿಗೆ ತೂಗುವಂಥದ್ದು. ಕಂಪ್ರೆಸರಿಗೆ ಎಲ್‌ಡಿಆರೇ ಬೇಕೆಂದು ಹಟ ಹಿಡಿಯಿರಿ.

ಎಲ್‌ಇಡಿ, ಎಲ್‌ಡಿಆರ್ ಎರಡನ್ನೂ ಒಂದೇ ಕವಚದಲ್ಲಿಟ್ಟು ಮಾರುವ ವ್ಯಾಕ್ಟ್ರಾಲ್‌ಗಳೂ ಇವೆ. ವಿಟಿಎಲ್5ಸಿ3, ಎನ್‌ಎಸ್‌ಎಲ್-32 ಹೆಸರುವಾಸಿ. 2006ರ ಜುಲೈ 1ರಿಂದ ಯುರೋಪ್ ಒಕ್ಕೂಟ ಉಪಕರಣಗಳಲ್ಲಿ ಬಳಸುವ ಯಾವುದೇ ಪದಾರ್ಥದಲ್ಲಿ ಕ್ಯಾಡ್ಮಿಯಂ ಶೇ 0.01 ಮೀರಬಾರದೆಂದು ಕಟ್ಟುಮಾಡಿತು. ವೃತ್ತಿಪರ ಧ್ವನಿ ಉಪಕರಣಗಳಿಗೆ ಕೊಟ್ಟಿದ್ದ ವಿನಾಯಿತಿ 2013ರ ಕೊನೆಗೆ ಮುಗಿಯಿತು. ನಮ್ಮ 2011ರ ಇ-ತ್ಯಾಜ್ಯ ನಿಯಮಗಳಲ್ಲೂ ಅದೇ ಮಿತಿ ಇತ್ತು. ಹಾಗಾಗಿ ಒಳ್ಳೆಯ ವ್ಯಾಕ್ಟ್ರಾಲ್ ಈಗ ದುಬಾರಿ, ಸಿಗುವುದೂ ಕಷ್ಟ. ಬಿಡಿ ಎಲ್‌ಡಿಆರ್ ತಂದು ಜೋಡಿ ಕಟ್ಟಿಕೊಳ್ಳುವುದೇ ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಬಿಲ್ಲೆಯನ್ನು ಉಜ್ಜುವುದು, ಒಡೆಯುವುದು, ಸುಡುವುದು ಬೇಡ. ಕ್ಯಾಡ್ಮಿಯಂ ವಿಷ.

ಈ ಬಿಡಿಭಾಗಗಳನ್ನು ಎಲ್ಲಿ ಕೊಳ್ಳುವುದು? ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಲ್ಲಿಯವರಿಗೆ ಇಂಥ ಸಾಮಾನಿಗೆ ಈಗಲೂ ಬಳ್ಳಾರಿಯೇ ಹತ್ತಿರ. ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾದ ಮಡಕಶಿರಾದವರಿಗೆ ಹಿಂದೂಪುರ, ಅದೂ ಸಾಲದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆ. ಎಲ್ಲಿಗೇ ಹೋಗಲಿ, ಅಂಗಡಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು 5 ಮಿಲಿಮೀಟರಿನ ಜಿಎಲ್55 ಸರಣಿಯ ಬಿಲ್ಲೆಗಳು. ಹತ್ತು ಲಕ್ಸ್ ಬೆಳಕಿನಲ್ಲಿ ಜಿಎಲ್5516ರ ರೋಧ 5ರಿಂದ 10 ಕಿಲೋ ಓಮ್, ಜಿಎಲ್5528ರದು 10ರಿಂದ 20, ಜಿಎಲ್5539ರದು 50ರಿಂದ 100. ಕತ್ತಲಲ್ಲಿ ಮೊದಲನೆಯದು ಕನಿಷ್ಠ ಅರ್ಧ ಮೆಗಾ ಓಮ್, ಎರಡನೆಯದು 1 ಮೆಗಾ, ಮೂರನೆಯದು 5 ಮೆಗಾ.

ಕತ್ತಲಿನ ಅಂಕಿಯನ್ನೇ ಮೊದಲು ನೋಡಿ. ಒಳಬರುವ ರೋಧ 10 ಕಿಲೋ ಓಮ್, ಫೀಡ್‌ಬ್ಯಾಕ್ ರೋಧ 470 ಕಿಲೋ ಓಮ್ ಇದ್ದರೆ ದನಿ 47 ಪಟ್ಟು ಹಿಗ್ಗಬೇಕು. ಆ 470ಕ್ಕೆ ಸಮಾಂತರವಾಗಿ ಕತ್ತಲಲ್ಲೂ 1 ಮೆಗಾ ಓಮನ್ನಷ್ಟೇ ತೋರುವ ಎಲ್‌ಡಿಆರ್ ಕೂತರೆ ಹಿಗ್ಗುವುದು 32 ಪಟ್ಟು ಮಾತ್ರ. ಮೆಲ್ಲನೆಯ ಬಿಟ್‌ಗೆ ಬೇಕಾಗಿದ್ದ ಬಲ, ಸುಮಾರು 3 ಡೆಸಿಬೆಲ್, ಅಲ್ಲೇ ಸೋರಿಹೋಯಿತು. ಅದಕ್ಕೇ ನಾನು 5539ರ ಕಡೆ ವಾಲುತ್ತೇನೆ. ಹತ್ತು ಲಕ್ಸಿನಲ್ಲಿ ಅದರ ರೋಧ ಹೆಚ್ಚೆಂದು ಅಂಜಬೇಕಿಲ್ಲ. ಎಲ್‌ಇಡಿಗೆ ಮೂತಿ ತಾಗಿಸಿ ಕೂರಿಸಿದಾಗ ಬೀಳುವ ಬೆಳಕು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಬೆಳಕು ಹತ್ತು ಪಟ್ಟಾದರೆ ರೋಧ ಸುಮಾರು ಆರು ಪಟ್ಟು ಇಳಿಯುತ್ತದೆ.

ಎಲ್‌ಇಡಿ ಹಸಿರು ಬಣ್ಣದ್ದಿರಲಿ. ಕ್ಯಾಡ್ಮಿಯಂ ಸಲ್ಫೈಡ್ ಅತಿ ಚೆನ್ನಾಗಿ ಹಿಡಿಯುವುದು 540 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನು. ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವ ಪೆಡಲಿನಲ್ಲಿ ಎಲ್‌ಇಡಿಗೆ ಸಿಗುವ ಕರೆಂಟು ಅಲ್ಪ. ಅದರಲ್ಲೇ ಹೆಚ್ಚು ಕೆಲಸ ತೆಗೆಯಬೇಕು. ನೀರಿನಂತೆ ತಿಳಿಯಾದ ಕವಚದ, ಪ್ರಖರ ಹಸಿರಿನ 5 ಮಿಲಿಮೀಟರ್ ಎಲ್‌ಇಡಿ ಕೇಳಿ, ಅದರ ದುಂಡು ತಲೆಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಸಪಾಟು ಮಾಡಿದರೆ ಬಿಲ್ಲೆಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ಅಳತೆ. ಒಂದೇ ಡಬ್ಬಿಯ ಎರಡು ಬಿಲ್ಲೆಗಳು ಒಂದೇ ಥರ ಇರುವುದಿಲ್ಲ, ಕಂಪನಿಯೇ ಒಂದಕ್ಕೆರಡು ಅಂತರ ಕೊಟ್ಟಿದೆ. ಹತ್ತಾದರೂ ತನ್ನಿ. ಬೆಳಕು ಕಂಡ ಎಲ್‌ಡಿಆರಿಗೆ ಆ ನೆನಪು ಗಂಟೆಗಟ್ಟಲೆ ಇರುತ್ತದೆ. ಆದ್ದರಿಂದ ರಾತ್ರಿಯಿಡೀ ಮುಚ್ಚಿದ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ. ಎಲ್‌ಇಡಿ, ಎಲ್‌ಡಿಆರ್ ಎದುರುಬದುರಾಗಿಟ್ಟು ಕಪ್ಪು ಸ್ಲೀವ್ ತೊಡಿಸಿ, ಮಲ್ಟಿಮೀಟರನ್ನು 20 ಮೆಗಾ ಓಮ್‌ಗೆ ತಿರುಗಿಸಿ ಕತ್ತಲಿನ ರೋಧ ಬರೆದುಕೊಳ್ಳಿ. ಆಮೇಲೆ ಎಲ್‌ಇಡಿಗೆ 1 ಮಿಲಿ ಆಂಪಿಯರ್ ಹರಿಸಿ ಓದಿ, 5 ಹರಿಸಿ ಮತ್ತೆ ಓದಿ. ಕೊನೆಗೆ ಎಲ್‌ಇಡಿ ಆರಿಸಿ ಮೀಟರಿನ ಅಂಕಿ ಹೇಗೆ ಮೇಲೇರುತ್ತದೆಂದು ಕಣ್ಣಿಟ್ಟು ನೋಡಿ. ಕೆಲವು ಸರ್ರನೆ ಏರುತ್ತವೆ, ಕೆಲವು ತೆವಳುತ್ತವೆ. ದ್ರುತಗತಿಯ ಹಾಡಿಗೆ ತೆವಳುವುದು ಸಲ್ಲ. ಒಂದು ಜೋರು ಕಾರ್ಡಿನ ನಂತರ ಗಿಟಾರ್ ಅರ್ಧ ಸಾಲು ಮಂಕಾಗಿಯೇ ಉಳಿದುಬಿಡುತ್ತದೆ. ಹತ್ತರಲ್ಲಿ ಎರಡು ಮೂರು ಮೆಚ್ಚುಗೆಯಾದರೆ ತೃಪ್ತಿಪಡಿ. ಉಳಿದವು ಬಾಗಿಲ ದೀಪಕ್ಕೆ ಆಗುತ್ತವೆ.

ಸ್ಲೀವ್ ತೊಡಿಸುವಾಗ ಕಾಲುಗಳು ಹೊರಬರುವ ಎರಡೂ ತುದಿಗಳ ಮೇಲೆ ನಿಗಾ ಇರಲಿ. ಜಾತ್ರೆಯ ವೇದಿಕೆಯ ಮೇಲೆ ದೀಪಗಳಿಗೆ ಬರವಿಲ್ಲ. ಕರೆಂಟಿನ ದೀಪಗಳಲ್ಲಿ ಅನೇಕವು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಪೆಡಲಿನ ಸ್ವಿಚ್ಚಿನ ಸಂದಿಯಿಂದ ಆ ಬೆಳಕು ಒಳನುಸುಳಿ ಎಲ್‌ಡಿಆರ್ ತಲುಪಿದರೆ ದನಿ ಕಾರಣವಿಲ್ಲದೆ ತಗ್ಗುತ್ತದೆ, ಜೊತೆಗೆ ಗುಂಯ್‌ಗುಡುವುದೂ ಉಂಟು. ತುದಿಗಳಿಗೆ ಕಪ್ಪು ಅಂಟು ಮೆತ್ತಿ, ಬೆಸುಗೆ ಹಾಕುವ ಮುನ್ನ ಮೊಬೈಲಿನ ಟಾರ್ಚನ್ನು ಸ್ಲೀವ್ ಮೇಲೆ ಎಲ್ಲ ಕಡೆಯಿಂದ ಹಿಡಿದು ನೋಡಿ. ಮೀಟರಿನ ಅಂಕಿ ಕದಲಿದರೆ ಇನ್ನೊಂದು ಸುತ್ತು ಸ್ಲೀವ್ ಹಾಕಿ, ಕದಲದಿದ್ದರೆ ಬೆಸುಗೆಗೆ ಕೂತುಕೊಳ್ಳಿ.